ಬಿರುಕಿನ ಮೇಲಿನ ಸುಣ್ಣ

ನಾನು ಮಲಗುವುದು ಚರ್ಚಿನ ಹಿಂದಿನ ಕೋಣೆಯಲ್ಲಿ. ಗಂಡ ತೀರಿಕೊಂಡ ಮೇಲೆ ಸಭೆಯವರು ಕೊಟ್ಟರು. ಕಸ ಗುಡಿಸಬೇಕು, ಕೀಲಿ ಕಾಯಬೇಕು, ರವಿವಾರ ಗಂಟೆ ಬಾರಿಸಬೇಕು. ಅದಕ್ಕೆ ಬದಲಾಗಿ ಕೋಣೆ. ಅದಕ್ಕೂ ಮೊದಲು ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗೆ ಕೂಲಿಗೆ ಹೋಗುತ್ತಿದ್ದೆ. ಅಕ್ಷರ ಅಂದರೆ ರವಿವಾರದ ಶಾಲೆಯಲ್ಲಿ ಕಲಿತಷ್ಟೇ. ಬೈಬಲ್ ಓದಲು ಬರುತ್ತದೆ, ಬರೆಯಲು ಕೈ ತಡವರಿಸುತ್ತದೆ. ಆದರೂ ಒಬ್ಬರ ಉಪಕಾರ ಬರೆದಿಡಬೇಕು ಅನ್ನಿಸಿದೆ.

ನಮ್ಮೂರು ನಿಪ್ಪಾಣಿಗೂ ಚಿಕ್ಕೋಡಿಗೂ ನಡುವೆ, ಕಬ್ಬಿನ ಹೊಲಗಳ ಒಳಗೆ. ಚರ್ಚು ಕರಿಕಲ್ಲಿನದು. ಮೇಲೆ ಹಂಚು, ಒಳಗೆ ಸಾಗವಾನಿ ತೊಲೆ, ಬಾಗಿಲ ಮೇಲೆ ಒಂದು ದುಂಡು ಕಿಟಕಿ. ಬಿಳಿಯರ ಕಾಲದ್ದು. ಸಭೆಯವರು ಈಗ ನಾಲ್ಕಾರು ಮನೆಯವರು ಮಾತ್ರ. ಪಾಸ್ಟರು ಕೂರುವ ಕಡೆಯ ಗೋಡೆಯಲ್ಲಿ ಮೇಲಿಂದ ಕೆಳಗೆ ಒಂದು ಬಿರುಕು. ಆ ಗೋಡೆಯ ಆಚೆಯೇ ನನ್ನ ಕೋಣೆ. ಗೋಡೆ ಹೋದರೆ ಕೋಣೆಯೂ ಹೋಯಿತು.

ಬಿರುಕನ್ನು ನೋಡಿ ನೋಡಿ ನನ್ನ ಮೈದುನನಿಗೆ ಸಾಕಾಗಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವನು, ಈಗ ಸಭೆಯ ಹಿರಿಯ. ಕೆಡವಿ ಸ್ಲ್ಯಾಬ್ ಹಾಕಿಸೋಣ ಅನ್ನುತ್ತಿದ್ದ. ಕೆಟ್ಟವನಲ್ಲ. ಮಕ್ಕಳ ತಲೆಯ ಮೇಲೆ ಗೋಡೆ ಬಿದ್ದರೆ ಯಾರು ಹೊಣೆ ಎಂಬ ಹೆದರಿಕೆ ಅವನದು. ನನ್ನದು ಬೇರೆ ಹೆದರಿಕೆ. ಈ ವಯಸ್ಸಿನಲ್ಲಿ ಗಂಟು ಹೊತ್ತುಕೊಂಡು ಯಾರ ಪಡಸಾಲೆಗೆ ಹೋಗಲಿ?

ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ಅಥಣಿಯಿಂದ ಒಬ್ಬ ಹೆಣ್ಣುಮಗಳು ಸ್ಕೂಟಿಯ ಮೇಲೆ ಬಂದರು. ಹೈಸ್ಕೂಲಿನಲ್ಲಿ ಚಿತ್ರ ಕಲಿಸುವ ಅಕ್ಕೋರು. ರಜೆ ಸಿಕ್ಕಾಗಲೆಲ್ಲ ಈ ಭಾಗದ ಹಳೆಯ ಚರ್ಚು, ಮಠ, ಬಸದಿಗಳ ಫೋಟೊ ತೆಗೆಯುತ್ತಾರಂತೆ. ರಾಯಬಾಗದ ಕಡೆಯ ಒಂದು ಮಠದ ಕಂಬ, ಐನಾಪುರದ ಹತ್ತಿರದ ಒಂದು ಬಸದಿಯ ಬಾಗಿಲು ಮೊಬೈಲಿನಲ್ಲಿ ತೋರಿಸಿದರು. ಒಂದರಲ್ಲೂ ಮನುಷ್ಯರಿಲ್ಲ. ಜನ ಬಿಟ್ಟುಹೋದ ಊರಿನಂತಿದೆಯಲ್ಲ ಅಂದೆ. ನಕ್ಕರು.

ಫೋಟೊ ಅಂದ ಮೇಲೆ ನಾನು ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ನಡುವೆ ನಿಂತೆ.

"ಆಯಿ, ಒಂಚೂರು ಸರೀರಿ" ಅಂದರು.

"ನಾ ಯಾಕ ಸರೀಲ್ರಿ? ಕೀಲಿ ನಂದೈತಿ."

"ಕೀಲಿ ನಿಮ್ದ ಐತ್ರಿ. ನನಗ ಬಾಗಿಲದ ಫೋಟೊ ಬೇಕಾಗೇತಿ."

ಸರಿದೆ. ಅವರು ನನಗೆ ಹಿಡಿಸಲಿಲ್ಲ. ಆದರೂ ರೊಟ್ಟಿ ಪಲ್ಯ ಕೊಟ್ಟೆ. ಬಿಸಿಲಿನಲ್ಲಿ ಬಂದವರನ್ನು ಹಾಗೇ ಕಳಿಸಲಾಗುತ್ತದೆಯೇ? ಉಣ್ಣುತ್ತ ಹೇಳಿದರು: ಬೇಸಿಗೆಯಲ್ಲಿ ಸಂಜೆಯ ಬಿಸಿಲು ದುಂಡು ಕಿಟಕಿಯಿಂದ ನೇರ ಎದುರಿನ ಗೋಡೆಗೆ ಬೀಳುತ್ತದೆ, ಆಗ ದೊಡ್ಡ ಕ್ಯಾಮೆರಾ ತರುತ್ತೇನೆ. ಎದುರಿನ ಗೋಡೆ ಎಂದರೆ ಬಿರುಕಿನ ಗೋಡೆ.

ಮನೆಗೆ ಬೀಗರು ಬರುತ್ತಾರೆಂದರೆ ನಮ್ಮಲ್ಲಿ ಗೋಡೆಗೆ ಸುಣ್ಣ ಹಚ್ಚುತ್ತೇವೆ. ದೊಡ್ಡ ಕ್ಯಾಮೆರಾ ತರುತ್ತೇನೆ ಅಂದವರಿಗೆ ಮಸಿ ಹಿಡಿದ ಗೋಡೆ ತೋರಿಸುವುದು ಹೇಗೆ? ಓಣಿಯ ಹೆಂಗಸರಿಬ್ಬರನ್ನು ಕರೆದೆ. ಸುಣ್ಣದ ಕಲ್ಲು ತಂದು ಹಂಡೆಯಲ್ಲಿ ನೀರು ಹುಯ್ದು ಅರಳಿಸಿದೆವು. ಕತ್ತಾಳೆ ನಾರಿನ ಕುಂಚ ಹಿಡಿದು ಏಣಿ ಹತ್ತಿದೆ. ಬಿರುಕಿನ ಬಾಯಿಗೆ ಗಟ್ಟಿ ಸುಣ್ಣವನ್ನು ಬೆರಳಿನಿಂದ ಮೆತ್ತಿ, ಮೇಲೆ ಕುಂಚ ಎಳೆದೆ. ಕುಂಚ ಹಳೆಯದು, ನಾರು ಉದುರಿ ಸುಣ್ಣಕ್ಕೆ ಅಂಟಿದವು. ಏಣಿಯ ಮೇಲೆ ನಿಂತ ಮುದುಕಿ ಅವನ್ನೆಲ್ಲ ಆರಿಸುತ್ತ ನಿಲ್ಲಲಾರಳು. ಬಿಟ್ಟೆ. ಕೆಳಗೆ ಕೆಮ್ಮಣ್ಣಿನ ಪಟ್ಟಿಯನ್ನೂ ಎಳೆದೆವು. ಗೋಡೆ ಮದುವೆಗೆ ನಿಂತಂತೆ ಕಾಣುತ್ತಿತ್ತು.

ಬೇಸಿಗೆಯಲ್ಲಿ ಅಕ್ಕೋರು ಬಂದರು. ಒಳಗೆ ಕಾಲಿಟ್ಟವರು ಬೆಂಚಿನ ಮೇಲೆ ಕುಸಿದು ಕೂತರು.

"ಆಯಿ, ಏನ್ ಮಾಡೀರಿ ಇದು?"

"ಸುಣ್ಣ ಹಚ್ಚೀನ್ರಿ. ನೀವು ಬರ್ತೀರಂತ."

ಅವರಿಗೆ ಬೇಕಾಗಿದ್ದುದು ಆ ಹಳೆಯ ಗೋಡೆಯೇ ಅಂತೆ. ಪದರು ಪದರಾಗಿ ಎದ್ದ ಸುಣ್ಣ, ಕಂದೀಲಿನ ಹೊಗೆಯ ಕಲೆ, ಎಂದೋ ಯಾರೋ ಹಚ್ಚಿದ ನೀಲಿ. ಬಿಸಿಲು ಬಿದ್ದಾಗ ಅದೆಲ್ಲ ಹೇಗೆ ಕಾಣುತ್ತದೆಂದು ಚಳಿಗಾಲದಿಂದ ಯೋಚಿಸುತ್ತಿದ್ದರಂತೆ. ತಿಕ್ಕಿ ತೊಳೆದ ಪಾತ್ರೆಯಲ್ಲಿ ತಪ್ಪು ಹುಡುಕುವ ಹೆಣ್ಣುಮಗಳು ಅಂತ ನನಗೆ ಸಿಟ್ಟು ಬಂತು. ವಾಪಸು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಏಣಿ ಹತ್ತಿ, ಗೋಡೆಗೆ ಮೂಗು ತಾಗಿಸಿದಂತೆ ಕ್ಯಾಮೆರಾ ಹಿಡಿದು ಸಂಜೆಯತನಕ ತೆಗೆದರು. ಇನ್ನೇನು ಉಳಿದಿದೆ ತೆಗೆಯಲು ಅಂತ ಕೇಳಿದೆ.

"ನಿಮ್ಮ ಕುಂಚದ ಗೆರೀನ ತಗೀತೀನ್ರಿ. ಇನ್ನೇನ್ ಮಾಡ್ಲಿ."

ಆ ಮಳೆಗಾಲ ಜೋರಿತ್ತು. ದೂಧಗಂಗಾ ತುಂಬಿ ಸದಲಗಾ ಕಡೆ ದಾರಿ ಬಂದ್ ಆಗಿತ್ತು. ರಾತ್ರಿಯೆಲ್ಲ ಹಂಚಿನ ಮೇಲೆ ಮಳೆ ಬೀಳುವಾಗ ನಾನು ಗೋಡೆಗೆ ಕೈ ಇಟ್ಟು ಮಲಗುತ್ತಿದ್ದೆ. ಮಳೆ ನಿಂತ ಮೇಲೆ ಮೈದುನ ಚಿಕ್ಕೋಡಿಯಿಂದ ಒಬ್ಬ ಇಂಜಿನಿಯರನ್ನು ಗೊತ್ತು ಮಾಡಿದ. ಅವರು ನೋಡಿ ಹೂಂ ಅಂದರೆ ಕೆಡವುವುದೇ ಎಂದು ಹಿರಿಯರು ಒಪ್ಪಿದ್ದರು. ನಾನು ಅಕ್ಕೋರಿಗೆ ಫೋನು ಹಚ್ಚಿ, ಕೆಡವುವವರಿದ್ದಾರೆ, ಬೇಕಿದ್ದರೆ ಕೊನೆಯ ಫೋಟೊ ತೆಗೆದುಕೊಂಡು ಹೋಗಿ ಅಂದೆ. ಅಷ್ಟೇ ಹೇಳಿದ್ದು. ಕೋಣೆಯ ಮಾತು ಎತ್ತಲಿಲ್ಲ.

ಇಂಜಿನಿಯರ್ ಬಂದ ದಿನವೇ ಅವರೂ ಬಂದರು. ಇಂಜಿನಿಯರ್ ತಂಡಿ ಹಿಡಿದ ಮನುಷ್ಯ, ಮೂಗು ಒರೆಸುತ್ತ ಗೋಡೆಯನ್ನು ಬಹಳ ಹೊತ್ತು ನೋಡಿದರು. ಬಿರುಕಿನ ಮೇಲಿನ ಸುಣ್ಣವನ್ನು ಉಗುರಿನಿಂದ ಕೆರೆದರು.

"ಗ್ವಾಡಿ ಸರದಿದ್ರ ಈ ಸುಣ್ಣ ಮೊದ್ಲ ಸೀಳ್ತಿತ್ತು. ಸೀಳಿಲ್ಲ. ಯಾವಾಗ ಹಚ್ಚಿದ್ದು?"

ಮಳೆಗೆ ಮೊದಲು, ಬೇಸಿಗೆಯಲ್ಲಿ ಅಂದೆ.

ಮೈದುನ ನನ್ನ ಕಡೆ ತಿರುಗಿದ. "ವೈನಿ, ಸುಳ್ಳ ಹೇಳಬ್ಯಾಡ. ಬ್ಯಾಸಿಗ್ಯಾಗ ಹಚ್ಚಿದ್ದು ಸೀಳಿರಬೇಕು, ಮಳಿ ನಿಂತ ಮ್ಯಾಲ ಮತ್ತ ಮೆತ್ತಿದಿ. ನಿನ್ನ ಖೋಲಿ ಉಳೀಲಂತ."

ಎಲ್ಲರೂ ನನ್ನನ್ನೇ ನೋಡಿದರು. ಸುಣ್ಣ ಹಚ್ಚಲು ಬಂದಿದ್ದ ಹೆಂಗಸರಿಬ್ಬರೂ ಕಬ್ಬು ಕಡಿಯಲು ಕಾಗವಾಡದ ಕಡೆ ಹೋಗಿದ್ದರು. ಬೈಬಲ್ ಮುಟ್ಟಿ ಹೇಳಲಾ ಅಂದೆ. ಇಂಜಿನಿಯರ್ ಬೈಬಲಿನಿಂದ ಗೋಡೆ ನಿಲ್ಲುವುದಿಲ್ಲ ಅಂದರು. ನಿಜವೇ.

ಅಕ್ಕೋರು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಬೆಂಚಿನ ಮೇಲಿಟ್ಟರು. ಬೇಸಿಗೆಯ ಫೋಟೊಗಳು. ತೆಗೆದ ದಿನ ಅದರಲ್ಲೇ ಕಾಣುತ್ತದಂತೆ, ಇಂಜಿನಿಯರಿಗೆ ತೋರಿಸಿದರು. ಒಂದು ಫೋಟೊ ಹಿಗ್ಗಿಸಿದರು. ಬಿಳಿ ಸುಣ್ಣದ ಮೇಲೆ ಕತ್ತಾಳೆಯ ಒಂದು ನಾರು, ಕುಡಗೋಲಿನಂತೆ ಬಾಗಿ, ಬಿರುಕಿನ ಈ ದಂಡೆಯಿಂದ ಆ ದಂಡೆಗೆ ಅಂಟಿಕೊಂಡಿದೆ.

ಇಂಜಿನಿಯರ್ ಏಣಿ ತರಿಸಿ ಹತ್ತಿದರು. ಕೆಳಗಿಂದ ಅಕ್ಕೋರು, ಕಿಟಕಿಯ ಸಾಲಿಗೆ, ಇನ್ನೊಂದು ಗೇಣು ಮೇಲೆ ಅಂತ ಹೇಳುತ್ತಿದ್ದರು. ನಾನು ಏಣಿಯ ಬುಡ ಹಿಡಿದುಕೊಂಡೆ.

"ಐತಿ," ಅಂದರು ಇಂಜಿನಿಯರ್ ಮೇಲಿಂದ. "ಅದ ನಾರು. ಅದ ಜಾಗಾ. ಹರದಿಲ್ಲ."

ಇಳಿದು ಬಂದು ಹಿರಿಯರಿಗೆ ಬಿಡಿಸಿ ಹೇಳಿದರು. ಇಂಥ ಮಳೆಗಾಲ ದಾಟಿಯೂ ಗೋಡೆ ಅಲುಗಿಲ್ಲ. ಬಿರುಕು ಹಳೆಯದು, ಕೂತುಬಿಟ್ಟಿದೆ. ಕೆಡವುವ ಕಾರಣ ತಮಗೆ ಕಾಣುವುದಿಲ್ಲ. ಒಡೆದ ಹಂಚು ಬದಲಿಸಿ, ನೀರು ಗೋಡೆಗೆ ಇಳಿಯದಂತೆ ಮಾಡಿ ಸಾಕು. ಬಿರುಕಿನ ಮೇಲೆ ಮಾತ್ರ ಇನ್ನು ಏನೂ ಹಚ್ಚಬೇಡಿ, ಇದ್ದ ಸುಣ್ಣ ಸೀಳಿದರೆ ಕಣ್ಣಿಗೆ ಕಾಣಲಿ, ವರ್ಷಕ್ಕೊಮ್ಮೆ ಅಕ್ಕೋರು ಬಂದು ಫೋಟೊ ತೆಗೆಯಲಿ.

ಮೈದುನ ತಲೆ ಕೆರೆದುಕೊಂಡ. "ವೈನಿ, ಹೊಸಾ ಕುಂಚ ತಂದಿದ್ರ ಇವತ್ತ ನಿನ್ನ ಗಂಟು ಹೊರಗಿರ್ತಿತ್ತ ನೋಡು."

"ಹೊಸಾ ಕುಂಚ ಕೊಡಸಂತ ನಿನಗ ಹೇಳಿದ್ದೆ. ಕೊಡಸಲಿಲ್ಲ. ಚಲೋ ಆತು."

ಅವನು ನಕ್ಕ. ಮಧ್ಯಾಹ್ನ ಎಲ್ಲರಿಗೂ ಚಹಾ ಅವನ ಮನೆಯಿಂದಲೇ ಬಂತು. ಹಂಚು ಬದಲಿಸುವಾಗ ಮುಂದೆ ನಿಂತು ಮಾಡಿಸಿದವನೂ ಅವನೇ.

ಅಕ್ಕೋರಿಗೆ ರೊಟ್ಟಿಯ ಜೊತೆ ತಿನ್ನಲು ಶೇಂಗಾ ಹಿಂಡಿ ಕಟ್ಟಿಕೊಟ್ಟೆ. ನಾನು ಹಾಳುಮಾಡಿದ ಗೋಡೆಯೆಂದು ಅವರು ಸಿಟ್ಟಿನಿಂದ ಹೊರಟುಹೋಗಿದ್ದರೆ ನನ್ನ ಮಾತಿಗೆ ಸಾಕ್ಷಿ ಇರುತ್ತಿರಲಿಲ್ಲ. ಬೇಡವಾದ ಗೋಡೆಯನ್ನೂ ಅಷ್ಟು ಚಂದವಾಗಿ ನೋಡಿದರಲ್ಲ, ಅದು ದೊಡ್ಡದು.

ಈ ಸಲ ಕ್ರಿಸ್‌ಮಸ್ಸಿಗೆ ಮೂರು ಗೋಡೆಗೆ ಸುಣ್ಣ ಹಚ್ಚಿದೆ, ಎದುರಿನ ಬಿರುಕಿನ ಗೋಡೆಯನ್ನು ಬಿಟ್ಟೆ. ಬಂದ ಹೆಂಗಸರು, ಮುದುಕಿಗೆ ಕೈಲಾಗುವುದಿಲ್ಲ, ದೇವರ ಗೋಡೆಯನ್ನೇ ಬಿಟ್ಟಿದ್ದಾಳೆ ಅಂತ ಆಡಿಕೊಂಡರು. ಹಬ್ಬದ ದಿನ ಮಳೆನೀರಿನ ಕಲೆ ಹಿಡಿದ ಕೊಳಕು ಗೋಡೆಯ ಮುಂದೆ ಕೂರುವುದು ನನಗೇನು ಸುಖವಲ್ಲ. ಕಣ್ಣು ಮತ್ತೆ ಮತ್ತೆ ಅತ್ತಲೇ ಹೋಗುತ್ತದೆ. ಅಕ್ಕೋರು ಬೇಸಿಗೆಯಲ್ಲಿ ಬರುತ್ತಾರೆ. ಅಲ್ಲಿಯತನಕ ಕುಂಚವನ್ನು ಅಟ್ಟದ ಮೇಲೆ, ಕೈಗೆ ಸಿಗದಂತೆ ಇಟ್ಟಿದ್ದೇನೆ.