ಮೊದಲ ಇಪ್ಪತ್ತೆರಡು ಸೆಕೆಂಡು

ನಿನ್ನ ವಿಡಿಯೊದ ಮೊದಲ ಇಪ್ಪತ್ತೆರಡು ಸೆಕೆಂಡನ್ನು ಮುಚ್ಚಿಟ್ಟವಳು ನಾನು, ಪವಿತ್ರ. ಅಂಗಡಿಗೆ ಬಂದಾಗಲೆಲ್ಲ ಶಶಕ್ಕ ಎಂದು ಬಾಯ್ತುಂಬ ಕರೆಯುತ್ತೀಯಲ್ಲ, ಅದೇ ನಾನು. ನಾಲ್ಕು ವರ್ಷವಾಯಿತು. ಎದುರು ಕೂತು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಂಪಲಾಪುರದ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತೇ ಆಗ ವಧು-ವರರ ಆ್ಯಪ್ ಒಂದನ್ನು ಮಾಡಿದ್ದೆ — ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರಿಗೆಂದು. ಫೋಟೊ ಎಲ್ಲರೂ ಹಾಕುತ್ತಾರೆ, ನಾನು ವಿಡಿಯೊ ಹಾಕುತ್ತೇನೆ ಎನ್ನುವ ಗತ್ತು ಬೇರೆ. ಆನ್‌ಲೈನಿನಲ್ಲಿರುವ ವಿಡಿಯೊದ ಲಿಂಕ್ ಕೊಟ್ಟರೆ ಸಾಕು, ಅದು ಆ್ಯಪಿನೊಳಗೇ ಓಡುವಂತೆ ಕೂರಿಸುತ್ತಿದ್ದೆ. ಅದನ್ನು ಕಲಿಯಲು ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆ.

ನೀನು ರಾವಂದೂರಿನ ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವವಳು. ನೀರು ಬೆರೆಸಿ ತಂದವರು ಸ್ವಂತ ದೊಡ್ಡಪ್ಪನಾದರೂ ಮುಖದ ಮೇಲೆ ಬೈದು ಕಳಿಸುವವಳು. ನಿನ್ನ ವಿಡಿಯೊವನ್ನೂ ನೀನು ಹಾಗೇ ಮಾಡಿಸಿದೆ. ಮೊದಲು ಕೊಟ್ಟಿಗೆಯಿಂದ ಜಗಲಿಯವರೆಗೆ ಎಡಗಾಲು ಎಳೆಯುತ್ತಾ ನಡೆದು ಬರುತ್ತೀಯ, ಆಮೇಲೆ ಕೂತು ಮಾತಾಡುತ್ತೀಯ. "ನಡ್ಯೋದೇ ಮೊದ್ಲಿರ್ಲಿ ಶಶಕ್ಕ. ನೋಡಿ ಒಪ್ದೋರೇ ಬರ್ಲಿ. ಮನೇಗ್ ಬಂದ್ಮೇಲೆ ಯಾರೂ ನನ್ ಕಾಲ್ ನೋಡ್ಬಾರ್ದು" ಎಂದಿದ್ದೆ.

ಮೂರು ತಿಂಗಳು ಒಬ್ಬರೂ ವಿಚಾರಿಸಲಿಲ್ಲ. ಆ್ಯಪಿನೊಳಗೆ ವಿಡಿಯೊ ಎಷ್ಟನೇ ಸೆಕೆಂಡಿನಿಂದ ಶುರುವಾಗಬೇಕೆಂದು ಹೇಳಬಹುದು — ಒಂದು ಅಂಕಿ ಬರೆದರಾಯಿತು. ನಾನು ಇಪ್ಪತ್ತೆರಡು ಎಂದು ಬರೆದೆ. ಹಿಂದಕ್ಕೆ ಎಳೆದು ನೋಡುವ ಗೆರೆಯನ್ನೂ ಕಾಣದಂತೆ ಮಾಡಿದೆ. ನಿನ್ನ ಫೋನಿನಲ್ಲಿ ಲಿಂಕ್ ಒತ್ತಿದರೆ ನೀನು ನಡೆದು ಬರುತ್ತಿದ್ದೆ. ಆ್ಯಪಿನಲ್ಲಿ ಮಾತ್ರ ಶುರುವಿಗೇ ಜಗಲಿಯ ಮೇಲೆ ಕೂತಿರುತ್ತಿದ್ದೆ. ನಿನ್ನ ಒಳ್ಳೆಯದಕ್ಕೇ ಎಂದುಕೊಂಡೆ. ಹಾಗಲ್ಲ. ಆ್ಯಪಿನಿಂದ ಅದುವರೆಗೆ ಒಂದು ಮದುವೆಯೂ ಕುದುರಿರಲಿಲ್ಲ, ನನಗೊಂದು ಮದುವೆ ಬೇಕಿತ್ತು.

ವಾರದೊಳಗೆ ಹೊಸ ಅಗ್ರಹಾರದ ಕಡೆಯಿಂದ ಲೋಕೇಶ ತಾಯಿಯ ಜೊತೆ ಹೆಣ್ಣು ನೋಡಲು ಬಂದ. ನಾನೂ ಬಂದು ಕೂತಿದ್ದೆ. ನೀನು ಕಾಫಿ ತಟ್ಟೆ ಹಿಡಿದು ನಡುಮನೆಗೆ ನಡೆದು ಬಂದೆ, ಸ್ವಲ್ಪವೂ ಅಳುಕದೆ. ಇವರು ನೋಡಿ ಒಪ್ಪಿಯೇ ಬಂದವರು ಎಂದು ನಿನ್ನ ಮುಖದಲ್ಲಿ — ಆ ಮುಖ ಈಗಲೂ ಕಣ್ಣ ಮುಂದಿದೆ.

ತಾಯಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. "ಇದೇನವ್ವ, ಇಡಿಯೋದಾಗೆ ಈ ಕಾಲಿಂದು ಇರ್ನಿಲ್ವಲ್ಲ?"

"ಮೊದ್ಲಲ್ಲೇ ನಡ್ಕಂಡ್ ಬತ್ತೀನಲ್ಲ, ನೋಡ್ನಿಲ್ವಾ?" ಎಂದೆ ನೀನು.

ಲೋಕೇಶ ಜೇಬಿನಿಂದ ಫೋನ್ ತೆಗೆದ. ಅವನು ಆ್ಯಪ್ ತೆರೆಯುವಷ್ಟರಲ್ಲಿ ನಾನು ಗೋಡೆಯ ಕಡೆ ತಿರುಗಿ, ನನ್ನ ಫೋನಿನಿಂದಲೇ ಆ್ಯಪಿನ ಆ ಅಂಕಿಯನ್ನು ಅಳಿಸಿಬಿಟ್ಟೆ. ಅಯ್ಯೋ, ಎಂಥ ಚುರುಕು ಅಂತೀಯ ನನ್ನ ಕೈ! ಅವನ ಫೋನಿನಲ್ಲಿ ನೀನು ಕೊಟ್ಟಿಗೆಯಿಂದ ನಡೆದು ಬಂದೆ. ಎಲ್ಲರೂ ಬಗ್ಗಿ ನೋಡಿದರು.

ಅವನ ಮುಖ ಕೆಂಪೇರಿತು. "ನಾ ನೋಡ್ದಾಗ ಇದಿರ್ನಿಲ್ಲ ಕಣ್ರೀ, ದೇವ್ರಾಣೆ." ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕಾ, ನೀವೇ ಯೇಳಿ. ಇದು ಮೊದ್ಲಿತ್ತಾ?"

"ಮೊದ್ಲಿಂದ್ಲೂ ಇತ್ತು ಕಣಪ್ಪ" ಎಂದೆ.

ತಾಯಿ ಎದ್ದು ನಿಂತರು. ಅವನು ಏಳಲಿಲ್ಲ. "ಕುಂತ್ಕೊ ಅವ್ವ. ಮೊದ್ಲು ನೋಡ್ದೆ ಇದ್ರೇನು, ಈಗ ನೋಡುದ್ನಲ್ಲ. ನಂಗೇನೂ ಅಡ್ಡಿಯಿಲ್ಲ" ಎಂದ. ಅಷ್ಟು ಅವಮಾನವಾದ ಮೇಲೂ ಹಾಗೆಂದ, ಪವಿತ್ರ. ಆಗಲೂ ನಾನು ಬಾಯಿ ಬಿಡಬಹುದಿತ್ತು — ಬಿಡಲಿಲ್ಲ.

ನೀನು ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡೆ. "ನೋಡ್ಬುಟ್ಟೂ ನೋಡ್ನಿಲ್ಲ ಅಂತ ದೇವ್ರಾಣೆ ಇಕ್ಕೋರ ಮನೇಗೆ ನಾ ಬರಾಕಿಲ್ಲ" ಎಂದು ಒಳಗೆ ಹೋದೆ. ಅವರು ಕಾಫಿ ಮುಟ್ಟದೆ ಹೊರಟರು. ಚಪ್ಪಲಿ ಹಾಕಿಕೊಳ್ಳುವಾಗ ಅವನು ಇನ್ನೊಮ್ಮೆ ಫೋನ್ ತೆಗೆದು ನಿನ್ನ ವಿಡಿಯೊ ನೋಡುತ್ತಿದ್ದ. ತಾನೇ ಎಲ್ಲೋ ತಪ್ಪಿ ನೋಡಿದೆನೇನೋ ಎಂದುಕೊಂಡಿರಬೇಕು.

ಆ್ಯಪನ್ನು ಆಮೇಲೆ ಮುಚ್ಚಿದೆ. ಅದು ದೊಡ್ಡ ಮಾತೇನಲ್ಲ, ಹೇಗೂ ನಡೆಯುತ್ತಿರಲಿಲ್ಲ. ಅವನಿಗೆ ಮುಂದಿನ ವರ್ಷ ಬೇರೆ ಕಡೆ ಮದುವೆಯಾಯಿತು ಎಂದು ಕೇಳಿದೆ. ನಿನಗೆ ಆಮೇಲೆ ಬಂದವರನ್ನೆಲ್ಲ ನೀನೇ ಬೇಡವೆಂದೆ. ಗಂಡಸರ ಮಾತು ನಂಬಲು ಆಗುವುದಿಲ್ಲ ಎನ್ನುತ್ತೀಯ.

ಹೋದ ವಾರ ಡೈರಿಯ ಕಾಗದ ಜೆರಾಕ್ಸ್ ಮಾಡಿಸಲು ಬಂದವಳು ನಗುತ್ತಾ, "ಅವತ್ತು ನೀವಿದ್ದುದ್ಕೆ ಬಚಾವಾದೆ ಶಶಕ್ಕ. ಸುಳ್ಳುಗಾರ್ರ ಮನೆ ತಪ್ತು" ಎಂದು ನನ್ನ ಕೈ ಹಿಡಿದೆ. ಕೈ ಬಿಡಿಸಿಕೊಳ್ಳಲು ಮಿಷನ್ನಿಗೆ ಹಾಳೆ ತುಂಬುವ ನೆಪ ಮಾಡಿದೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಡೈರಿಗೆ ಬಂದು ನಿನ್ನ ಕೈಗೇ ಕೊಟ್ಟು, ನೀನು ಓದಿ ಮುಗಿಸುವವರೆಗೂ ಅಲ್ಲೇ ನಿಂತಿರುತ್ತೇನೆ. ಕ್ಷಮಿಸು ಎಂದು ಬರೆದಿಲ್ಲ, ಕೇಳುವ ಮುಖವಿಲ್ಲ. ನೀನು ತಿಳಿಯಬೇಕಾದದ್ದು ಇಷ್ಟು — ನೀನು ನಡೆಯುವುದನ್ನು ಅವನು ಆ ದಿನಕ್ಕೆ ಮೊದಲು ನೋಡಿರಲೇ ಇಲ್ಲ, ಪವಿತ್ರ. ನೋಡಿದ ಮೇಲೂ ಒಪ್ಪಿದ್ದ.