ಸೀಟು ಕೊಡುವವರು ಎಣಿಸಿದ ಮರ

ಗೆಳೆಯರೇ, ನಮ್ಮೂರು ಗುಬ್ಬಿಯ ತೋಟದಲ್ಲಿ ಎಷ್ಟು ತೆಂಗಿನ ಮರಗಳಿವೆ ಎಂದು ನಿಮ್ಮಲ್ಲಿ ಯಾರಾದರೂ ಯಾರಿಗಾದರೂ ಹೇಳಿದ್ದೀರಾ? ಹೇಳಿದ್ದರೆ ಒಪ್ಪಿಕೊಂಡುಬಿಡಿ, ಬೈಯುವುದಿಲ್ಲ.

ಬೆಳಿಗ್ಗೆ ಸದಾಶಿವನಗರದ ಮನೆಯಲ್ಲಿ ಮಗಳ ಜೊತೆ ಕೂತು ಎರಡು ಯೂನಿವರ್ಸಿಟಿಗಳನ್ನು ಹೋಲಿಸಿ ನೋಡುತ್ತಿದ್ದೆ. ಸರ್ಕಾರಿ ಯೂನಿವರ್ಸಿಟಿಯಲ್ಲಿ ಫೀಸು ಕಡಿಮೆ, ಸೀಟು ಸಿಗುವುದು ಕಷ್ಟ. ಖಾಸಗಿ ಯೂನಿವರ್ಸಿಟಿಯಲ್ಲಿ ಸೀಟು ಸುಲಭ, ಫೀಸು ಕೇಳಿದರೆ ಎದೆ ಝಲ್ಲೆನ್ನುತ್ತದೆ.

“ಅದು ಬೇಡ ಬಿಡಪ್ಪ,” ಎಂದಳು ಮಗಳು.

ಆಗಲೇ ಲ್ಯಾಂಡ್‌ಲೈನ್ ಬಡಿದುಕೊಂಡಿತು. ಆ ಖಾಸಗಿ ಯೂನಿವರ್ಸಿಟಿಯ ಹುಡುಗಿ. ನಾವು ಅಲ್ಲಿಗೆ ಅರ್ಜಿಯನ್ನೇ ಹಾಕಿಲ್ಲ!

“ಫೀಸು ಜಾಸ್ತಿ ಅಂತ ಬೇಡ ಅನ್ಬೇಡಿ ಸಾರ್. ಗುಬ್ಬೀಲಿ ಎಪ್ಪತ್ತೆರಡು ತೆಂಗಿನ ಮರ ಇದಾವಲ್ಲ.”

ಹೇಗೆ ಗೊತ್ತಾಯಿತು ಎಂದು ಕೇಳುವ ಬದಲು ನನ್ನ ಬಾಯಿ ಲೆಕ್ಕ ತಿದ್ದಿತು. “ಎಪ್ಪತ್ಮೂರು ಕಣಮ್ಮ.”

“ನಿನ್ನೆ ಸಂಜೆ ಒಂದಕ್ಕೆ ಸಿಡಿಲು ಹೊಡೀತಲ್ಲ ಸಾರ್, ಅದನ್ನ ಬಿಟ್ಟು ಹೇಳ್ದೆ.”

ಫೋನಿಟ್ಟು ಊರಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ.

“ಹೂಂ ಕಣಣ್ಣ, ಬಾವಿ ಪಕ್ಕದ್ದು ಸುಟ್ಟೋಯ್ತು. ಇನ್ನೂ ಯಾರ್ಗೂ ಹೇಳಿಲ್ಲ. ನಿಂಗ್ಯಾರ್ ಹೇಳಿದ್ರು?” ಎಂದ.

ಸರ್ಕಾರಿ ಯೂನಿವರ್ಸಿಟಿಯವರು ಮಗಳ ಅಂಕಪಟ್ಟಿಯನ್ನು ಇದುವರೆಗೆ ಮೂರು ಸಲ ಕೇಳಿದ್ದಾರೆ. ಈ ಖಾಸಗಿಯವರು ಒಂದು ಸಲವೂ ಕೇಳಲಿಲ್ಲ. ತಮಗೆ ಬೇಕಾದದ್ದನ್ನು ಆಗಲೇ ಎಣಿಸಿಕೊಂಡು ಹೋಗಿದ್ದಾರೆ.