ಗಾಜಿನೊಳಗೆ ಎಲ್ಲಮ್ಮ

ಶೇಂಗಾ ಚಟ್ನಿ ಕುಟ್ಟುತ್ತಿದ್ದೆ. ಒರಳಿನ ಸದ್ದಿನಲ್ಲಿ ಫೋನು ಎರಡು ಸಲ ಹೊಡೆದುಕೊಂಡದ್ದು ಕೇಳಲಿಲ್ಲ. ಮೂರನೆಯ ಸಲ ಖಾರದ ಕೈಯಲ್ಲೇ ಎತ್ತಿದೆ. ರಾಮದುರ್ಗದಿಂದ ಭಾವ, ನನ್ನ ಗಂಡನ ಅಣ್ಣ. ಹೊಸ ಮನೆ ಮುಗಿಯಿತು, ಬರುವ ಶುಕ್ರವಾರ ಬಂದು ಎಲ್ಲಮ್ಮನನ್ನು ಕರೆದೊಯ್ಯುತ್ತೇವೆ ಎಂದರು.

ಬೈಲಹೊಂಗಲದ ನಮ್ಮ ಮನೆಯ ದೇವರ ಜಗಲಿಯ ಮೇಲೆ ಅಂಗೈಯಗಲದ ಬೆಳ್ಳಿ ಮುಖದ ಎಲ್ಲಮ್ಮ ಇದ್ದಳು. ಪದ್ಧತಿಯ ಪ್ರಕಾರ ಅವಳು ಹಿರಿಯ ಮಗನ ಮನೆಯವಳು. ಭಾವನಿಗೆ ಸ್ವಂತ ಸೂರಿರಲಿಲ್ಲವೆಂದು ಇಷ್ಟು ವರ್ಷ ನಮ್ಮಲ್ಲಿ ಉಳಿದಿದ್ದಳು. ಅತ್ತೆ ಅವಳ ಮುಖ ನೋಡದೆ ಮುಂಜಾನೆ ಬಾಯಿಗೆ ತುತ್ತು ಇಡುತ್ತಿರಲಿಲ್ಲ. ಭಾವನ ಹೊಸ ಮನೆಯೋ ಮಾಳಿಗೆಯ ಮೇಲೆ, ಇಪ್ಪತ್ತೆರಡು ಮೆಟ್ಟಿಲು. ಅತ್ತೆಯ ಮೊಣಕಾಲು ನಮ್ಮ ಹೊಸ್ತಿಲಿಗೇ ಎರಡು ಸಲ ಯೋಚಿಸುತ್ತಿದ್ದವು. ಅಲ್ಲಿಗೆ ಹತ್ತಲಾರರು, ಇಲ್ಲಿ ಉಣ್ಣಲಾರರು.

"ಒಂದ್ ಚಲೋ ಫೋಟೋ ತಗಿಸೋಣೇನ್ರಿ ಅತ್ತಿ?" ಎಂದೆ.

"ಫೋಟೋ ಏನ್ ಮಾಡ್ಲೆವಾ? ನಾ ಕುಂದ್ರೋದು ಕಂಬದ ಬಾಜೂಕ. ಅಲ್ಲಿಂದ ನನಗ ಆಕೀ ಬಲಗಲ್ಲ, ಮೂಗತಿ ಕಾಣತಾವು. ಫೋಟೋದಾಗಿನಾಕಿ ನನ್ನ ಕಡೆ ಹೊಳ್ಳತಾಳೇನು?"

ನನ್ನ ಗಂಡ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ದೇವರಿಲ್ಲ ಎಂದು ಊಟಕ್ಕೆ ಕೂತಾಗೊಮ್ಮೆ ಹೇಳುವವರು. ಅವತ್ತು ರೊಟ್ಟಿ ಮುರಿಯುವುದನ್ನು ಬಿಟ್ಟು, "ಹೊಳ್ಳುವಂಗ ಮಾಡಬಹುದು" ಎಂದರು. ಪುಣೆಯ ಗೆಳೆಯನೊಬ್ಬ ಹೊಲೊಗ್ರಾಮ್ ಮಾಡುವ ಎರಡು ಗಾಜಿನ ಪ್ಲೇಟು ಕೊಟ್ಟಿದ್ದ. ಮಕ್ಕಳಿಗೆ ತೋರಿಸಬೇಕೆಂದು ಅವನ್ನು ಕಪ್ಪು ಕಾಗದದಲ್ಲಿ ಸುತ್ತಿ ನನ್ನ ಸೀರೆಯ ಟ್ರಂಕಿನಲ್ಲಿ ಇಟ್ಟಿದ್ದರು.

ನನಗೆ ಅರ್ಥ ಮಾಡಿಸಲು ಹಿತ್ತಲಿನ ನೀರಿನ ಹೌದಿನಲ್ಲಿ ಎರಡು ಹರಳು ಹಾಕಿದರು. ಎರಡು ಕಡೆಯಿಂದ ತೆರೆ ಬಂದು ಒಂದರೊಳಗೊಂದು ಹಾಯ್ದವು. ಕೆಲವು ಕಡೆ ನೀರು ಎದ್ದಿತು, ಕೆಲವು ಕಡೆ ಸುಮ್ಮನಾಯಿತು. "ಬೆಳಕೂ ಹಿಂಗs. ಲೇಸರಿನ ಬೆಳಕು ಪ್ಲೇಟ್ ಹಾಯ್ದು ಎಲ್ಲಮ್ಮಗ ತಾಗಿ ತಿರುಗಿ ಬರತೈತಿ. ಹೋಗೂ ಬೆಳಕು, ಬರೂ ಬೆಳಕು ಪ್ಲೇಟಿನಾಗ ಕೂಡತಾವು. ಅವು ಕೂಡಿದ ಗೆರಿ ಅಲ್ಲೇ ಉಳೀತಾವು. ಮುಂದ ಅದಕ್ಕ ಬೆಳಕು ಬಿಟ್ರ, ಆಕೀ ಕಡಿಂದ ಬಂದಂಥಾದ್ದೇ ಬೆಳಕು ಮತ್ತ ಹೊರಡತೈತಿ. ಅದಕ್ಕ ಬಾಜೂಕಿಂದ ನೋಡಿದ್ರ ಬಾಜೂದ ಮಾರಿ ಕಾಣತೈತಿ." ಇಷ್ಟು ಹೇಳುವಷ್ಟರಲ್ಲಿ ಎಮ್ಮೆ ಬಂದು ಹೌದಿಗೆ ಬಾಯಿ ಹಾಕಿತು. ತೆರೆಯೂ ಹೋಯಿತು, ಪಾಠವೂ ಮುಗಿಯಿತು.

ನಮ್ಮ ದೇವರ ಮನೆಗೆ ಕಿಟಕಿ ಇಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಅದಕ್ಕೆ ಗೊಣಗಿದ್ದೆ. ಈಗ ಮಟಮಟ ಮಧ್ಯಾಹ್ನವೇ ಬೇಕಾದಷ್ಟು ಕತ್ತಲು ಸಿಕ್ಕಿತು. ಸ್ಕೂಟರಿನ ಟ್ಯೂಬಿಗೆ ಅರ್ಧ ಗಾಳಿ ತುಂಬಿ ಅದರ ಮೇಲೆ ಕಡಪಾ ಕಲ್ಲು, ಕಲ್ಲಿನ ಮೇಲೆ ಎಲ್ಲಮ್ಮ, ಅವಳ ಮೂಗಿಗೆ ತಾಗುವಂತೆ ಪ್ಲೇಟು. ಆಟಿಕೆಯ ಲೇಸರ್ ಟಾರ್ಚಿನ ಮುಂದಿನ ಸಣ್ಣ ಗಾಜು ಕಿತ್ತರೆ ಬೆಳಕು ತಾನೇ ಹರಡುತ್ತದಂತೆ. ಅದನ್ನು ಮೇಲಿನಿಂದ ಓರೆಯಾಗಿ ಕಟ್ಟಿದರು. ಕೂದಲಿನ ದಪ್ಪದ ನೂರರಲ್ಲೊಂದು ಪಾಲೂ ಯಾವುದೂ ಅಲುಗಬಾರದು. ದೇವರಿಲ್ಲ ಎನ್ನುವ ಮನುಷ್ಯ ದೇವರ ಮುಂದೆ ಉಸಿರು ಬಿಗಿಹಿಡಿದು ಕುಳಿತರು. ಅಷ್ಟು ಏಕಾಗ್ರತೆ ನನ್ನ ಪೂಜೆಯಲ್ಲೂ ಇಲ್ಲ.

ಮೊದಲನೆಯ ಪ್ಲೇಟು ಹಾಳಾದದ್ದು ನನ್ನಿಂದ. ದೀಪವಿಲ್ಲದೆ ತಾಯಿಯನ್ನು ಹೇಗೆ ಕೂರಿಸಲಿ? ಸಣ್ಣ ಬತ್ತಿಯದೊಂದು ಹಣತೆ ಹಚ್ಚಿ, ಬೆಳಕು ಬೀಳದ ಹಾಗೆ ಮೊರದ ಹಿಂದೆ ಮರೆಮಾಡಿ ಇಟ್ಟಿದ್ದೆ. ಬೆಳಕು ಮರೆಯಾಯಿತು, ಕಾವು ಮರೆಯಾಗಲಿಲ್ಲ. ಬಿಸಿ ಗಾಳಿ ಏಳುತ್ತಿದ್ದರೆ ಬೆಳಕಿನ ತೆರೆಯೂ ತುಯ್ದಾಡುತ್ತದಂತೆ. ತೊಳೆದ ಪ್ಲೇಟಿನಲ್ಲಿ ಬರೀ ಮಬ್ಬು.

"ಮೊರದ ಹಿಂದ ಏನಿಟ್ಟಿದ್ದಿ?"

"ದೀಪಾ ರಿ. ಸಣ್ಣದs."

ಅವರು ಗದರದೆ ಮತ್ತೆ ಕಲ್ಲು ಸರಿಮಾಡಲು ಕುಳಿತರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅಂಥ ದಯೆಗಳನ್ನು ನಾನು ಎಣಿಸಿ ಇಟ್ಟಿದ್ದೇನೆ. ಹೆಚ್ಚಿಲ್ಲ, ಇವೆ.

ಎರಡನೆಯದೇ ಕೊನೆಯದು. ಈ ಸಲ ಹಣತೆಯನ್ನು ಆರಿಸದೆ ಅಡುಗೆಮನೆಗೆ ಒಯ್ದೆ. ಪ್ರಾಯಶ್ಚಿತ್ತವೆಂಬಂತೆ ತಾಯಿಯ ಹಣೆ ತುಂಬ ಕುಂಕುಮ ಒತ್ತಿದೆ, ಹಸಿರು ಖಣವನ್ನು ಸೀರೆಯಂತೆ ಬಿಗಿಯಾಗಿ ಸುತ್ತಿದೆ. ಪ್ಲೇಟು ತೊಳೆದು ಒಣಗಿಸಿ ಬಲ್ಬಿನ ಕೆಳಗೆ ಹಿಡಿದೆವು. ಗಾಜಿನ ಹಿಂದೆ ಎಲ್ಲಮ್ಮ ಇದ್ದಳು. ನಾನು ಸರಿದರೆ ಅವಳ ಗಲ್ಲ ಕಂಡಿತು, ಮೂಗುತಿ ಕಂಡಿತು.

ಅತ್ತೆ ಬಹಳ ಹೊತ್ತು ನೋಡಿದರು. "ರಂಡಿ ಹುಣ್ಣಿವಿ ಇನ್ನೂ ದೂರ ಐತಿ. ಈಗs ಆಕೀ ಕುಂಕುಮ ಅಳಿಸಿದೆಲ್ಲೋ ಮಗನ. ಕರೀ ಸೀರಿ ಬ್ಯಾರೆ ಉಡಿಸೀದಿ. ನನ್ನ ಜೋಡಿ ಇರಾಕ ನನ್ನಂಥಾಕೀನs ಮಾಡಿ ತಂದಿ?"

ಸವದತ್ತಿಯಲ್ಲಿ ಆ ಹುಣ್ಣಿಮೆಗೆ ತಾಯಿ ವಿಧವೆಯಾಗುತ್ತಾಳೆ, ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆ. ನಮ್ಮ ಮನೆಯಲ್ಲಿ ವಿಜ್ಞಾನ ಅವಳನ್ನು ಅಕಾಲದಲ್ಲೇ ವಿಧವೆ ಮಾಡಿತ್ತು. ಗಾಜಿನೊಳಗಿನ ಹಣೆ ಬೋಳು, ಖಣ ಕಪ್ಪು.

ನನ್ನ ಗಂಡ ಕುಂಕುಮದ ಬಟ್ಟಲನ್ನೂ ವಿಭೂತಿಯನ್ನೂ ಕತ್ತಲಲ್ಲಿಟ್ಟು ಲೇಸರ್ ಬಿಟ್ಟರು. ಎರಡೂ ಒಂದೇ ಬಣ್ಣ! ಕೆಂಪು ಬೆಳಕೊಂದೇ ಇದ್ದಲ್ಲಿ ಕುಂಕುಮವೂ ಬೆಳ್ಳಿಯ ಹಾಗೆ ಆ ಬೆಳಕನ್ನು ತಿರುಗಿ ಕೊಡುತ್ತದೆ. ಹಸಿರು ಏನನ್ನೂ ಕೊಡದೆ ಕಪ್ಪಾಗುತ್ತದೆ. "ಇದು ನನಗ ಗೊತ್ತಿತ್ತು" ಎಂದರು, ಗೊತ್ತಿದ್ದೂ ಹೊಳೆಯದಿದ್ದವರ ಮುಖದಲ್ಲಿ. ಇನ್ನೊಂದು ಪ್ಲೇಟು ಇರಲಿಲ್ಲ.

ಶುಕ್ರವಾರ ಭಾವ ಬಂದು, ಉಡಿ ತುಂಬಿಸಿಕೊಂಡ ತಾಯಿಯನ್ನು ಕರೆದೊಯ್ದರು. ಶನಿವಾರ ಮುಂಜಾನೆ ಅತ್ತೆ ಸ್ನಾನ ಮಾಡಿ ಬಂದು ಕಂಬದ ಪಕ್ಕ ಕುಳಿತರು. ಗಾಜು ಜಗಲಿಯ ಮೇಲೆ, ಹಚ್ಚಿದ ಬಲ್ಬಿನ ಕೆಳಗಿತ್ತು. ಅವರು ನೋಡಲಿಲ್ಲ. ರೊಟ್ಟಿ ಆರಿತು. ಗಂಡ ಸಾಲೆಗೆ ಹೊರಟವರು ಚಪ್ಪಲಿ ಮೆಟ್ಟಿ ಹೊಸ್ತಿಲಾಚೆಯೇ ನಿಂತರು.

ನಾನು ಕುಂಕುಮ ತಂದು ಗಾಜಿನ ಮೇಲೆ, ಹಣೆಯ ನೇರಕ್ಕೆ ಹಚ್ಚಿದೆ.

"ಎಲ್ಲೆ ಹಚ್ಚೀದಿ?" ಅತ್ತೆ ಕೂತಲ್ಲಿಂದಲೇ ಗದರಿದರು. ಅಂದರೆ ನೋಡುತ್ತಿದ್ದರು! "ಇಲ್ಲಿಂದ ಆಕೀ ಎಡಹುಬ್ಬಿನ ತುದೀಗೆ ಬಂದೈತಿ."

ತಾಯಿ ಇರುವುದು ಗಾಜಿನ ಹಿಂದೆ, ಕುಂಕುಮ ಗಾಜಿನ ಮೇಲೆ. ನಿಂತ ಜಾಗ ಬದಲಾದರೆ ಕುಂಕುಮ ಹಣೆಯಿಂದ ಜಾರುತ್ತದೆ. ಒರೆಸಿ, ಅತ್ತೆಯ ಕಡೆಗೆ ಬೆರಳು ಸರಿಸಿದೆ.

"ಇಲ್ಲೇನ್ರಿ?"

"ಇನ್ನೊಂಚೂರು ಈ ಕಡೆ ತಾ. ಹಾಂ, ಸಾಕ."

ನನ್ನ ಗಂಡ ಬಾಗಿಲಿನಿಂದ ಇಣುಕಿದರು. "ಕಿವಿ ಕಡೆ ಹಚ್ಚೀಯಲ್ಲ!"

"ನೀ ದೇವರಿಲ್ಲ ಅನ್ನಾಂವ. ನಿನಗ ಎಲ್ಲಿ ಕಂಡರೇನು?" ಎಂದ ಅತ್ತೆ ನನ್ನ ಕಡೆ ತಿರುಗಿದರು. "ರೊಟ್ಟಿ ಆರಿತೇನವಾ? ಇರ್ಲಿ, ಹಂಗs ಹಾಕು. ಪಲ್ಲೆ ಬಿಸಿ ಮಾಡು."

ಅವರು ಎರಡು ರೊಟ್ಟಿ ಉಂಡರು. ಮೂರನೆಯದು ಹಾಕಲೇ ಎಂದೆ. ಬೇಡವೆಂದು ಕೈ ಅಡ್ಡ ಹಿಡಿದು ಅರ್ಧ ಹಾಕಿಸಿಕೊಂಡರು. ಗಂಡ ಸಾಲೆಗೆ ಹೋದರು. ನಾನು ಸೀರೆ ಮೇಲಕ್ಕೆ ಸಿಗಿಸಿಕೊಂಡು, ನೆನೆಹಾಕಿದ್ದ ಕೌದಿ ತುಳಿಯಲು ಬಚ್ಚಲಿಗೆ ಹೋದೆ.